ಉಬ್ಬಸ ಮತ್ತು ನೆಬ್ಯುಲೈಸರ್: ನಾವು ಕಂಡಷ್ಟು
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಸಾಲ, ಗೊಬ್ಬರದ ವಿಷಯ ಹಿಂದಿನವರು ಹೇಳಿದ್ದಾರೆ. ನಾವು ಉಬ್ಬಸದ ಬಗ್ಗೆ ನಾಲ್ಕು ಮಾತು ಆಡುತ್ತೇವೆ. ನಾವೇನು ಡಾಕ್ಟರಲ್ಲ, ಓದಿದ್ದು ಎಸ್.ಎಸ್.ಎಲ್.ಸಿ. ಆದರೆ ನಮ್ಮ ಅವ್ವನಿಗೆ ದಮ್ಮು ಇರುವುದರಿಂದ 2019ರಲ್ಲೇ ಈ ಮಿಷಿನ್ ನಮ್ಮ ಮನೆಗೆ ಬಂದಿದೆ.

ಶಿಕಾರಿಪುರದ ಕಡೆ ಮೆಕ್ಕೆಜೋಳದ ಒಕ್ಕಣೆ, ಸೊರಬದ ಕಡೆ ಭತ್ತದ ಕಣ, ಎರಡೂ ಕಡೆ ಅಡಿಕೆ ಬೇಯಿಸೋ ಒಲೆ. ಧೂಳು, ಹೊಗೆ ನಮಗೆ ಹೊಸದಲ್ಲ. ಬೀಡಿ ಮುಟ್ಟದ ಹೆಂಗಸರಿಗೂ ವರ್ಷಾನುಗಟ್ಟಲೆ ಸೌದೆ ಒಲೆ ಊದಿ ಶ್ವಾಸಕೋಶ ಹಾಳಾಗುತ್ತದೆ. ಅವ್ವನಿಗೆ ಆಗಿದ್ದೂ ಅದೇ.

ಅಡಿಕೆಗೆ ಮೈಲುತುತ್ತ ಹೊಡೆಯೋರಿಗೆ ನೆಬ್ಯುಲೈಸರ್ ಬೇಗ ಅರ್ಥವಾಗುತ್ತದೆ. ಹನಿ ದಪ್ಪ ಆದರೆ ಕೆಳಗೆ ಸುರಿದುಹೋಗುತ್ತದೆ, ಸಣ್ಣ ಆದರೆ ಗೊನೆಯ ಸಂದಿಗೂ ಹೋಗುತ್ತದೆ. ಈ ಮಿಷಿನ್ ಗಾಳಿಯ ಒತ್ತಡದಿಂದ ದ್ರವದ ಔಷಧವನ್ನು ಮಂಜಿನಂತೆ ಮಾಡಿ ಶ್ವಾಸನಾಳದ ಒಳಗೆ ಕಳಿಸುತ್ತದೆ. ಬಿಸಿನೀರಿನ ಹಬೆಯೇ ಇದು ಅಂತ ತಿಳಿದವರಿದ್ದಾರೆ, ಅಲ್ಲ. ಬರೀ ನೀರು ಹಾಕಬಾರದು. ಗುಣ ಮಾಡೋದು ಔಷಧ, ಮಿಷಿನ್ ಅದನ್ನು ಹೊರುವ ಗಾಡಿ ಅಷ್ಟೇ. ಸಾಲ್ಬ್ಯುಟಮಾಲ್ ಬಿಗಿದ ನಾಳವನ್ನು ಬೇಗ ಸಡಿಲ ಮಾಡುತ್ತದೆ. ಕೈ ನಡುಗೋದು, ಎದೆ ಡವಡವ ಅನ್ನೋದು ಉಂಟು. ಬುಡೆಸೊನೈಡ್ ಒಳಗಿನ ಊತ ಇಳಿಸುತ್ತದೆ. ಅದನ್ನು ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಮುಖ ತೊಳೆಯಬೇಕು. ಯಾವುದು, ಎಷ್ಟು ಅನ್ನೋದು ಡಾಕ್ಟರ ಚೀಟಿಯಲ್ಲಿರಬೇಕು, ಪಕ್ಕದ ಮನೆಯವರ ಬಾಯಲ್ಲಲ್ಲ.

ಈಗ ನಮ್ಮ ತಪ್ಪು ಹೇಳುತ್ತೇವೆ. 2022ರ ಡಿಸೆಂಬರಿನಲ್ಲಿ ಮನೆ ಮುಂದೆಯೇ ಜೋಳ ಒಕ್ಕಿದ್ದೆವು. ರಾತ್ರಿ ಅವ್ವನಿಗೆ ದಮ್ಮು ಎದ್ದಿತು. ಒಂದು ಸಲ ಕೊಟ್ಟೆವು, ಚೂರು ಇಳಿಯಿತು. ಮತ್ತೆ ಕೊಟ್ಟೆವು. ನಡುವೆ ಕರೆಂಟು ಹೋಯಿತು, ಬರಲಿ ಅಂತ ಕಾದೆವು. ಬೆಳಗಿನ ಜಾವ ನೋಡಿದರೆ ಅವ್ವನ ತುಟಿ ನೇರಳೆ ಬಣ್ಣ, ಒಂದು ಮಾತು ಪೂರ್ತಿ ಆಡಲಾಗದು. ಆಮೇಲೆ 108ಕ್ಕೆ ಫೋನು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು, ಅವ್ವ ಉಳಿದಳು. "ಇಷ್ಟು ಹೊತ್ತು ಮನೇಲಿ ಯಾಕೆ ಇಟ್ಕೊಂಡ್ರಿ?" ಅಂತ ಡಾಕ್ಟರು ಕೇಳಿದರು. ಮಿಷಿನ್ ಇದೆ ಎಂಬ ಧೈರ್ಯವೇ ನಮ್ಮನ್ನು ಕೂರಿಸಿತ್ತು ಸ್ವಾಮಿ, ಬೇರೆ ಉತ್ತರವಿಲ್ಲ.

ಮಾತು ತುಂಡಾಗುವುದು, ತುಟಿ ನೀಲಿಯಾಗುವುದು, ಮಕ್ಕಳ ಪಕ್ಕೆ ಒಳಗೆ ಎಳೆಯುವುದು, ಕೂಸು ಹಾಲು ಬಿಡುವುದು ಕಂಡರೆ ಕಾಯಬೇಡಿ. ಔಷಧ ಕೊಟ್ಟರೂ ಇಳಿಯದಿದ್ದರೆ, ಇಳಿದು ಬೇಗ ಮತ್ತೆ ಎದ್ದರೆ, ಆಗಲೂ ಹೊರಡಿ.

ಡಾಕ್ಟರು ಇನ್ನೊಂದು ತೋರಿಸಿಕೊಟ್ಟರು. ಪಂಪಿನ ಇನ್‌ಹೇಲರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಎಳೆದರೆ ಹೆಚ್ಚಿನ ವೇಳೆ ನೆಬ್ಯುಲೈಸರಿನಷ್ಟೇ ಕೆಲಸ ಆಗುತ್ತದಂತೆ. ಕರೆಂಟು ಬೇಡ. ಈಗ ಅವ್ವನ ಚೀಲದಲ್ಲಿ ಎಲೆ ಅಡಿಕೆ ಜೊತೆ ಅದೂ ಇರುತ್ತದೆ.

ಸಂಘದಲ್ಲೇ ಒಂದು ಮಿಷಿನ್ ತಂದಿಡಿ, ಸ್ಪ್ರೇಯರ್ ಹಂಗೆ ಎಲ್ಲರೂ ಒಯ್ದು ತರೋಣ ಅಂತ ಕೆಲವರು ಕೇಳಿದ್ದೀರಿ. ಸ್ಪ್ರೇಯರ್ ಹಂಗೆ ಆಗೋದಿಲ್ಲ. ಮಾಸ್ಕು, ಔಷಧದ ಬಟ್ಟಲು ಒಬ್ಬರದು ಇನ್ನೊಬ್ಬರಿಗೆ ಬರಬಾರದು, ಪ್ರತಿ ಸಲ ತೊಳೆದು ಒಣಗಿಸಬೇಕು. ಕೊಳೆ ಉಳಿದರೆ ರೋಗಾಣು ಸೀದಾ ಎದೆಗೆ ಹೋಗುತ್ತದೆ. ಅದರ ಬದಲು ಚೀಟಿ ಇರುವ ಸದಸ್ಯರಿಗೆ ಸ್ಪೇಸರ್ ಕೊಡಿಸುವ ವಿಚಾರವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡುತ್ತೇವೆ. ಬೇಡ ಅನ್ನೋರು ಮೊದಲೇ ನಮ್ಮ ಹತ್ತಿರ ಮಾತಾಡಿ.