ಮುಚ್ಚಿಟ್ಟ ವ್ಯಸನ

ಮೊನ್ನೆ ದಂಪತಿಗಳಿಬ್ಬರು ಮಠಕ್ಕೆ ಬಂದಿದ್ದರು. ಮಗ ಬೆಂಗಳೂರಿನ ಹೆಸರಾಂತ ಕಾಲೇಜಿನ ವಿದ್ಯಾರ್ಥಿ. ಗಾಂಜಾದಿಂದ ಆರಂಭವಾದದ್ದು ಮಾತ್ರೆಗೆ ಮುಟ್ಟಿದೆ. ತಂದೆ ಬೇಡಿದ್ದು ತಾಯಿತ! ತಾಯಿತಕ್ಕೆ ಇಳಿಯುವ ಅಮಲು ಇದಲ್ಲವಪ್ಪಾ ಎಂದೆವು.

“ಆಸ್ಪತ್ರೆಗೆ ಹೋದರೆ ಪೋಲೀಸರು ಹಿಡಿಯುತ್ತಾರೆ, ಕಾಲೇಜಿನಿಂದ ತೆಗೆಯುತ್ತಾರೆ ಬುದ್ಧಿ” ಎಂದು ತಾಯಿ ಅತ್ತರು.

ಕಾಯ್ದೆ ಅಷ್ಟು ನಿರ್ದಯವಾಗಿಲ್ಲ. 1985ರ ಮಾದಕವಸ್ತು ಕಾಯ್ದೆಯ 64-ಎ ಕಲಮಿನಂತೆ, ವ್ಯಸನಿಯು ತಾನಾಗಿಯೇ ಸರಕಾರಿ ಅಥವಾ ಸರಕಾರದ ಮನ್ನಣೆ ಪಡೆದ ಆಸ್ಪತ್ರೆಗೆ ಹೋಗಿ ಚಿಕಿತ್ಸೆಗೊಳಗಾದರೆ ಸೇವನೆಯ ಅಪರಾಧಕ್ಕೆ ಮೊಕದ್ದಮೆಯಿಲ್ಲ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ತಪ್ಪಬಹುದು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

“ಕಾಲೇಜು ಹೋದರೆ ಹೋಗಲಿ, ಮಗ ಉಳಿಯಬೇಕಲ್ಲ ತಾಯಿ. ಅವನೆಲ್ಲಿ?” ಎಂದೆವು.

ಹೊರಗೆ ಕಾರಿನಲ್ಲೇ ಕೂರಿಸಿ ಬಂದಿದ್ದರು. ಒಳಗೆ ಕರೆಸಿದೆವು.