ಹೊಟ್ಟೆನೋವೆಂದು ಬಂದ ಮಗು



ಸೋಮವಾರ ಬೆಳಿಗ್ಗೆ ಹೊಟ್ಟೆನೋವೆಂದು ಬರುವ ಮಕ್ಕಳನ್ನು ಇಲ್ಲಿ ಸೇರಿರುವ ವೈದ್ಯರು, ಶುಶ್ರೂಷಕಿಯರು, ಆಶಾ ಕಾರ್ಯಕರ್ತೆಯರು ನಾವೆಲ್ಲ ನೋಡಿದ್ದೇವೆ. ಮುಟ್ಟಿದರೆ ಹೊಟ್ಟೆ ಮೆತ್ತಗಿರುತ್ತದೆ, ಜ್ವರವಿಲ್ಲ. ಭಾನುವಾರ ಇಲ್ಲದ ನೋವು ಶಾಲೆಯ ಹೊತ್ತಿಗೆ ಬಂದಿರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಂಥ ಹುಡುಗಿಯೊಬ್ಬಳಿಗೆ ನಾನು ಮೂರು ಸಲ ಜಂತುಹುಳುವಿನ ಮಾತ್ರೆ ಬರೆದೆ. ನಾಲ್ಕನೆಯ ಸಲ ಅವಳ ಅಜ್ಜಿ, "ಡಾಕ್ಟ್ರೇ, ಅಪ್ಪ ತೀರಿಹೋದ ಮೇಲೆ ಮಗು ಮಂಕಾಗಿದೆ, ಒಂದ್ಸಲ ಮಾತಾಡಿಸಿ ನೋಡಿ" ಅಂದರು. ನಾನು ಕೇಳಬೇಕಿದ್ದುದನ್ನು ಅಜ್ಜಿ ಹೇಳಿಕೊಡಬೇಕಾಯಿತು. ಆ ಸಂಕಟ ಇಂದಿಗೂ ಹೋಗಿಲ್ಲ.

ಮಗುವಿನ ಮನಸ್ಸಿನ ಆರೈಕೆ ಬೇರೊಂದು ಊರಿನ ಬೇರೊಂದು ಕೋಣೆಯಲ್ಲಿ ಆರಂಭವಾಗಬೇಕಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. ಇಷ್ಟು ಮಕ್ಕಳನ್ನು ನೋಡಲು ಮಕ್ಕಳ ಮನೋವೈದ್ಯರು ಎಲ್ಲಿದ್ದಾರೆ? ದೊಡ್ಡ ಆಸ್ಪತ್ರೆಗೆಂದು ನಾವು ಬರೆದುಕೊಟ್ಟ ಚೀಟಿ ತಾಯಿಯ ಪರ್ಸಿನಲ್ಲೇ ಮಡಿಚಿದಂತೆ ಉಳಿಯುತ್ತದೆ. ಆದರೆ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದು ಆ ಮಾದರಿಯಿಂದಲೇ. ದೊಡ್ಡವರಿಗೆ ಸಾಧ್ಯವಾದದ್ದು ಮಕ್ಕಳಿಗೆ ಏಕಾಗದು?

ಮಕ್ಕಳನ್ನು ಹುಡುಕಿಕೊಂಡು ಹೋಗುವ ಕಷ್ಟವೂ ಇಲ್ಲ. ಲಸಿಕೆಗೆಂದು ಅವರೇ ಬರುತ್ತಾರೆ. 9ನೆಯ ತಿಂಗಳಿಗೆ, ಒಂದೂವರೆ ವರ್ಷದ ಸುಮಾರಿಗೆ, 5ಕ್ಕೆ, 10ಕ್ಕೆ, 16ಕ್ಕೆ. 'ತಾಯಿ ಕಾರ್ಡ್‌'ನಲ್ಲಿ ಮಗುವಿನ ತೂಕ ಬರೆಯುವಾಗಲೇ, ಹೆಸರು ಹಿಡಿದು ಕರೆದರೆ ಮಗು ತಿರುಗುತ್ತದೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ ಎಂದು ವಿಚಾರಿಸಬಹುದು. ಎಳೆಗೂಸಿನ ತಾಯಿಯನ್ನು, "ನಿನಗೆ ನಿದ್ದೆ ಬರ್ತಿದೆಯೇನಮ್ಮ?" ಎಂದು ಕೇಳಲೇಬೇಕು. ಬಾಣಂತಿಯ ಖಿನ್ನತೆ ಕೂಸಿನ ಆರೋಗ್ಯದ ವಿಷಯವೂ ಹೌದು. ಹದಿನಾರರ ಹುಡುಗನನ್ನು ಮಾತ್ರ ಅಪ್ಪನ ಎದುರು ಕೇಳಬೇಡಿ. "ಏನಿಲ್ಲ ಸಾರ್" ಎಂದು ಎದ್ದುಬಿಡುತ್ತಾನೆ. ಅಪ್ಪನನ್ನು ಐದು ನಿಮಿಷ ಹೊರಗೆ ಕೂರಿಸಿ.

ದಿನಕ್ಕೆ ನೂರು ಚೀಟಿ ನೋಡುವವರಿಗೆ ಹೊತ್ತೆಲ್ಲಿದೆ ಎನ್ನುತ್ತೀರಿ. ಆ ದಣಿವು ನನಗೆ ಗೊತ್ತು. ಆದರೆ ಎಲ್ಲವನ್ನೂ ವೈದ್ಯರೇ ಕೇಳಬೇಕಿಲ್ಲ, ತೂಕ ನೋಡುವ ಸಿಸ್ಟರ್ ಕೇಳಬಹುದು, ಮನೆಗೆ ಹೋಗುವ ಆಶಾ ಗಮನಿಸಬಹುದು. ಮನೆಯವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಕೊಡಬಹುದು. 2022ರ ಅಕ್ಟೋಬರ್‌ನಿಂದ ಅಲ್ಲಿ ಕನ್ನಡದಲ್ಲೇ ಮಾತಾಡುವವರಿದ್ದಾರೆ. ನನ್ನನ್ನು ಹೆಚ್ಚು ಕಾಡುವುದು ಬೇರೆ: ದೊಡ್ಡ ಆಸ್ಪತ್ರೆಗೆ ಕಳಿಸಿದ ಮಗು ಏನಾಯಿತೆಂದು ನಮಗೆ ಮರಳಿ ತಿಳಿಯುವುದೇ ಇಲ್ಲ. ಈ ಎಳೆ ಹರಿದರೆ ಉಳಿದದ್ದೆಲ್ಲ ವ್ಯರ್ಥ.

ಮಧ್ಯಾಹ್ನದ ಗೋಷ್ಠಿಗೆ ನಿಮ್ಮ ಹೊರರೋಗಿ ಚೀಟಿಯ ಒಂದು ಪ್ರತಿ ತನ್ನಿ. ಯಾವ ತಾಯಿಯೂ ನಮ್ಮಲ್ಲಿಗೆ ಬಂದು "ಆತಂಕದ ಕಾಯಿಲೆ" ಎನ್ನುವುದಿಲ್ಲ. "ನಿದ್ದೇಲಿ ಬೆಚ್ಚಿ ಬೀಳುತ್ತೆ", "ಯಾರ ಜೊತೆಗೂ ಸೇರಲ್ಲ" ಎನ್ನುತ್ತಾಳೆ. ನಿಮ್ಮ ಭಾಗದಲ್ಲಿ ಏನೆನ್ನುತ್ತಾರೋ ಅದನ್ನೇ ಚೀಟಿಯ ಮೇಲೆ, ತೂಕದ ಕೆಳಗಿನ ಸಾಲಿನಲ್ಲಿ ಬರೆದು ತನ್ನಿ. ಮಕ್ಕಳನ್ನೂ ತಾಯಂದಿರನ್ನೂ ನಾವು ಕೇಳುವ ಪ್ರಶ್ನೆಗಳನ್ನು ಆ ಮಾತುಗಳಿಂದಲೇ ಕಟ್ಟೋಣ.