ಕೊಟ್ಟಿಗೆಯ ನಲ್ಲಿಗೆ ಬಿಸಿನೀರು: ಆಯ್ಕೆ ಹೇಗೆ?

(ಹನೂರಿನಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪರಿಸರದ ಸಭೆಗಳಲ್ಲಿ ಅಣೆಕಟ್ಟು, ಗಣಿ, ಕಾಡ್ಗಿಚ್ಚುಗಳ ಕುರಿತು ಮಾತನಾಡುವುದು ವಾಡಿಕೆ. ನಾನಿಂದು ಕೊಟ್ಟಿಗೆಯ ಮೂಲೆಯಲ್ಲಿರುವ ಸಿಂಕಿನ ಕುರಿತು ಮಾತನಾಡಲು ಬಂದಿದ್ದೇನೆ. ಕೊಳ್ಳೇಗಾಲ, ಯಳಂದೂರು, ಹನೂರು ಭಾಗದಲ್ಲಿ ಹಸು ಕಟ್ಟುವವರಿದ್ದಾರೆ, ರೇಷ್ಮೆ ಹುಳು ಸಾಕುವವರಿದ್ದಾರೆ. ಹಾಲಿನ ಕ್ಯಾನು ತೊಳೆಯಲು, ಸೊಪ್ಪು ಹಾಕುವ ಮುನ್ನ ಕೈ ತೊಳೆಯಲು, ಇವರಿಗೆಲ್ಲ ದಿನವೂ ಒಂದಿಷ್ಟು ಬಿಸಿನೀರು ಬೇಕು. ಅದನ್ನು ಬಹುತೇಕ ಕಡೆ ಕಾಯಿಸುವುದು ಸೌದೆಯಿಂದ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಸೌದೆ ತರುವ ಹೆಣ್ಣುಮಕ್ಕಳನ್ನು ದೂಷಿಸಲು ನಾನು ಬಂದಿಲ್ಲ. ಆನೆಯ ಭಯದಲ್ಲಿ ಹೊರೆ ಹೊತ್ತು ಬರುವುದು ಯಾರಿಗೂ ಇಷ್ಟದ ಕೆಲಸವಲ್ಲ. ಆ ಹೊರೆಯನ್ನು ಇಳಿಸುವ ದಾರಿ ಇದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಮನೆಯ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿ, ಅಲ್ಲಿಂದ ಕೊಟ್ಟಿಗೆಗೆ 25 ಮೀಟರ್ ಪೈಪು ಎಳೆಸಿದೆ. ಕಾಡು ಉಳಿಸಿದೆನೆಂಬ ಹೆಮ್ಮೆ ನನಗಿತ್ತು. ತಿಂಗಳೊಪ್ಪತ್ತಿನಲ್ಲಿ ನೋಡಿದರೆ ಕೊಟ್ಟಿಗೆಯಲ್ಲಿ ಮತ್ತೆ ಹಂಡೆಯ ಒಲೆ ಉರಿಯುತ್ತಿತ್ತು. ಕೇಳಿದ್ದಕ್ಕೆ ನಮ್ಮ ತಾಯಿಯವರು, “ನಿನ್ ನಲ್ಲೀಲಿ ಬಿಸ್ನೀರ್ ಬರೋ ಹೊತ್ಗೆ ಡೇರಿ ಬಾಗ್ಲು ಹಾಕ್ಬುಟ್ಟಿರ್ತಾರೆ ಕಣಪ್ಪ” ಎಂದರು. ಅರ್ಧ ಇಂಚಿನ ಪೈಪು 25 ಮೀಟರ್ ಇದ್ದರೆ ಅದರೊಳಗೇ ನಾಲ್ಕು ಲೀಟರಿಗೂ ಹೆಚ್ಚು ನೀರು ನಿಂತಿರುತ್ತದೆ. ಆ ತಣ್ಣೀರನ್ನು ಚೆಲ್ಲಿದ ಮೇಲೆಯೇ ಬಿಸಿನೀರು. ಕೆಲಸ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರಿಹೋಗುತ್ತದೆ. ಸಾಧನ ಕೆಟ್ಟದ್ದಾಗಿರಲಿಲ್ಲ; ನಾನು ಅದನ್ನು ಇಟ್ಟ ಜಾಗ ತಪ್ಪಾಗಿತ್ತು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮೂರನ್ನು ಕೇಳಿಕೊಳ್ಳಬೇಕು: ಎಷ್ಟು ನೀರು, ಎಷ್ಟು ಬಿಸಿ, ಯಾವ ಹೊತ್ತಿನಲ್ಲಿ? ಕೈ ತೊಳೆಯಲು 40 ಡಿಗ್ರಿ ಸಾಕು. ಹಾಲಿನ ಜಿಡ್ಡು ಸುಮಾರು 40 ಡಿಗ್ರಿಯಲ್ಲಿ ಕರಗುವುದರಿಂದ ಕ್ಯಾನಿಗೆ 60 ಡಿಗ್ರಿಯ ನೀರು ಒಳ್ಳೆಯದು. ಆದರೆ ಮೊದಲು ತಣ್ಣೀರಿನಲ್ಲಿ ಜಾಲಿಸಬೇಕು; ಇಲ್ಲವಾದರೆ ಹಾಲಿನ ಪ್ರೋಟೀನು ಬಿಸಿಗೆ ಪಾತ್ರೆಗೇ ಅಂಟುತ್ತದೆ. ಹುಳುಮನೆಯಲ್ಲಿ ಬ್ಲೀಚಿಂಗ್ ಪುಡಿಯನ್ನು ಬಿಸಿನೀರಿಗೆ ಬೆರೆಸಬೇಡಿ. ಅದರ ಸತ್ತ್ವ ಹೋಗುತ್ತದೆ. ಇನ್ನು ರೇಷ್ಮೆಗೂಡು ಬೇಯಿಸುವ ಕುದಿನೀರಿನ ವ್ಯವಸ್ಥೆ ಬೇರೆಯೇ ಆದುದರಿಂದ ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ಈಗ ಲೆಕ್ಕ ನೋಡೋಣ. 15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು 0.7 ಯೂನಿಟ್ ವಿದ್ಯುತ್ ಸಾಕು. ತಿಂಗಳಿಗೆ 21 ಯೂನಿಟ್. ಅದೇ ನೀರನ್ನು ತೆರೆದ ಒಲೆಯ ಹಂಡೆಯಲ್ಲಿ ಕಾಯಿಸಿದರೆ ಉರಿಯ ಶೇ. 10ರಷ್ಟು ಮಾತ್ರ ನೀರಿಗೆ ಸೇರುತ್ತದೆಂದು ಹಿಡಿಯೋಣ. ದಿನಕ್ಕೆ ಒಂದೂವರೆ ಕಿಲೋಗೂ ಮಿಕ್ಕಿ ಒಣಸೌದೆ ಬೇಕು. ವರ್ಷಕ್ಕೆ ಸುಮಾರು 600 ಕಿಲೋ. ಹೊರೆಗೆ 25 ಕಿಲೋ ಎಂದರೆ 24 ಹೊರೆ. ಒಂದು ಸಿಂಕಿಗಾಗಿ ಒಬ್ಬ ತಾಯಿ 24 ಸಲ ಕಾಡಿಗೆ ಹೋಗಿಬರುತ್ತಾಳೆ ಎಂದಾಯಿತು.

ಆಯ್ಕೆಗಳೇನು? ವಿದ್ಯುತ್ ನೆಚ್ಚಬಹುದಾದಲ್ಲಿ ಸಿಂಕಿನ ಪಕ್ಕದ ಗೋಡೆಗೆ 10ರಿಂದ 15 ಲೀಟರಿನ, 2 ಕಿಲೋವಾಟಿನ ಗೀಸರ್ ಸೂಕ್ತ. 15 ಲೀಟರ್ ಕಾಯಲು ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಹಾಲು ಕರೆಯಲು ಕೂರುವ ಮುನ್ನ ಹಾಕಿದರಾಯಿತು. ಬೋರ್‌ವೆಲ್ಲಿನ ಗಡಸು ನೀರಾದರೆ ಉಷ್ಣತೆಯನ್ನು 60ಕ್ಕಿಂತ ಮೇಲೇರಿಸಬೇಡಿ. ಸುಣ್ಣ ಬೇಗ ಕಟ್ಟುತ್ತದೆ. ತಕ್ಷಣ ಕಾಯಿಸುವ 3 ಕಿಲೋವಾಟಿನ ಸಣ್ಣ ಗೀಸರ್ ಕೈ ತೊಳೆಯಲು ನಿಮಿಷಕ್ಕೆ 2 ಲೀಟರ್ ಕೊಡುತ್ತದೆ. 60 ಡಿಗ್ರಿ ಬೇಕೆಂದರೆ 1 ಲೀಟರ್ ಮಾತ್ರ. ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಅದರ ಶಕ್ತಿಯಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಸಾಲಿನ ಕೊನೆಯಲ್ಲಿರುವ ಬೆಟ್ಟದ ಊರುಗಳಿಗೆ ಅದು ಹೊಂದುವುದಿಲ್ಲ.

ಬಕೆಟ್ಟಿನಲ್ಲಿ ಕಾಯಿಲ್ ಇಡುವ ರೂಢಿಯನ್ನು ಕೊಟ್ಟಿಗೆಯಲ್ಲಂತೂ ಕೈಬಿಡಿ. ನೆಲ ಸದಾ ಒದ್ದೆ, ಕಾಲು ಬರಿಗಾಲು. ಮನುಷ್ಯನಿಗೆ ಬರೀ ಜುಮ್ಮೆನ್ನುವಷ್ಟು ಸೋರಿಕೆಯೂ ಹಸುವಿನ ಪ್ರಾಣ ತೆಗೆಯಬಲ್ಲದು. ಯಾವ ಗೀಸರ್ ಹಾಕಿದರೂ ಸರಿಯಾದ ಅರ್ತಿಂಗ್, 16 ಆಂಪಿಯರಿನ ಪ್ರತ್ಯೇಕ ಸಾಲು, 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಇರಲೇಬೇಕು. ಇವುಗಳಿಗೆ ಹಣವಿಲ್ಲವೆಂದರೆ ಗೀಸರಿಗೂ ಹಣವಿಲ್ಲವೆಂದೇ ತಿಳಿಯಿರಿ. ಗ್ಯಾಸ್ ಗೀಸರನ್ನು ಮುಚ್ಚಿದ ಹುಳುಮನೆಯೊಳಗೆ ಎಂದೂ ಹಾಕಬೇಡಿ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನದ ಮನೆಗಳಲ್ಲಿ ಅದು ಎಷ್ಟೋ ಜನರನ್ನು ಬಲಿತೆಗೆದುಕೊಂಡಿದೆ.

ಸೋಲಾರ್ ಬೇಕೆನ್ನುವವರು ಕೊಟ್ಟಿಗೆಯ ಮಾಡಿನ ಮೇಲೆಯೇ, ಸಿಂಕಿಗೆ ನೇರವಾಗಿ ಇಡಿಸಿ. ಕೊಳ್ಳೇಗಾಲದ ಬಯಲಿನಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಬಿಳಿಗಿರಿಯ ಮೇಲೆ ಮಂಜು ಕವಿದ ದಿನಗಳಿಗೆ ಬೇರೆ ಏರ್ಪಾಡು ಬೇಕು.

ವಿದ್ಯುತ್ತೂ ಇಲ್ಲ, ಹಣವೂ ಇಲ್ಲ ಎನ್ನುವ ಮನೆಗೆ ಒಲೆಯೇ ಗತಿ. ಹಾಗಿದ್ದಲ್ಲಿ ಒಲೆಯನ್ನು ಸುಧಾರಿಸೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯ ತತ್ತ್ವ ಸರಳ: ಉರಿಯನ್ನು ಮುಚ್ಚಿ ಹಿಡಿ, ಗಾಳಿಯನ್ನು ಅಳೆದು ಬಿಡು, ಹೊಗೆಯನ್ನು ಕೊಳವೆಯಿಂದ ಹೊರಗಟ್ಟು. ಹಂಡೆಯ ಒಲೆಗೂ ಇದೇ ತತ್ತ್ವ ಸಲ್ಲುತ್ತದೆ. ಉರುವಲನ್ನೂ ಕಾಡಿನಿಂದಲೇ ತರಬೇಕಾಗಿಲ್ಲ. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು, ತೆಂಗಿನ ಗರಿಯನ್ನು ಒಣಗಿಸಿಡಿ. ಹೊಲದಂಚಿಗೆ ನುಗ್ಗಿರುವ ಲಂಟಾನವನ್ನು ಕಡಿದು ಬಳಸಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಾನು ಹೇಳಿದ 600 ಕಿಲೋ ಕಾಗದದ ಮೇಲಿನ ಲೆಕ್ಕ. ನಿಮ್ಮ ಮನೆಯ ಹಂಡೆಗೆ ಒಂದು ವಾರ ಹಾಕುವ ಸೌದೆಯನ್ನು ತೂಗಿ ಬರೆದಿಡಿ. ಯಾರು ತಂದರು, ಎಷ್ಟು ದೂರದಿಂದ ಎಂಬುದನ್ನೂ ಬರೆಯಿರಿ. ಆ ಚೀಟಿಗಳನ್ನು ಗ್ರಾಮಸಭೆಗೆ ಒಯ್ಯೋಣ. ಯಾವ ಹೀಟರ್ ಎಂಬುದನ್ನು, ದಿನವೂ ಆ ಸಿಂಕಿನ ಮುಂದೆ ನಿಲ್ಲುವವರೇ ತೀರ್ಮಾನಿಸಲಿ. ನಾನು ಅವರನ್ನು ಕೇಳದೆ ಕೊಂಡೆ. ನೀವು ಕೇಳಿ ಕೊಳ್ಳಿರಿ.